43ರಲ್ಲಿ ಫ್ಲೈಟ್ ಇನ್‌ಸ್ಟ್ರಕ್ಟರ್ ಆಗೋದು: ಹುಚ್ಚಾ, ಆಗುವ ಮಾತಾ?

ಗೋಕುಲ ರೋಡ್ ಮಾಸ್ತರ:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯವನು, ವಯಸ್ಸು 43. ಖಾಸಗಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಸಂಜೆ ವಿದ್ಯಾನಗರದಲ್ಲಿ ಸಿಇಟಿ ಟ್ಯೂಷನ್. ಕೆಲಸದ ಮೇಲೆ ದೊಡ್ಡ ಸಿಟ್ಟೇನೂ ಇಲ್ಲ. ಆದರೆ ಬರ್ನೌಲಿ ಪಾಠ ಬಂದಾಗಲೆಲ್ಲ ಹಾಳೆಯ ತುದಿ ಹಿಡಿದು ಊದಿ, "ನೋಡ್ರಪಾ, ವಿಮಾನ ಹಾರೋದೂ ಹಿಂಗ" ಅಂತ ವರ್ಷಾ ವರ್ಷ ಹೇಳಿ ಬೇಜಾರಾಗಿದೆ. ನಾನೇ ಹಾರಿಸಿಲ್ಲ, ಏನಂತ ಹೇಳೋದು?

ವಿಷಯ ಇಷ್ಟು. ಏರ್‌ಲೈನ್ ಪೈಲಟ್ ಆಗಬೇಕು ಅಂತ ನನಗಿಲ್ಲ. ಆ ವಯಸ್ಸು ದಾಟಿತು ಅಂತ ಗೊತ್ತು. ನನಗೆ ಬೇಕಿರುವುದು ಫ್ಲೈಯಿಂಗ್ ಸ್ಕೂಲಿನಲ್ಲಿ ಹುಡುಗರಿಗೆ ಕಲಿಸುವ ಕೆಲಸ. ಕಲಿಸೋದು ಹೇಗೂ ಬರುತ್ತೆ. ಹಾರಿಸೋದು ಕಲಿತರೆ ಎರಡೂ ಕೂಡುತ್ತವೆ ಅನ್ನೋದು ನನ್ನ ಲೆಕ್ಕ.

ಹೆಂಡತಿಗೆ ಸರ್ಕಾರಿ ನೌಕರಿ ಇದೆ. ಮಗಳು ಒಂಬತ್ತನೇ ಕ್ಲಾಸು. ನವನಗರದ ಕಡೆ ಒಂದು ಸೈಟ್ ಇದೆ, ಮಾರಿದರೆ ಅರ್ಧ ದುಡ್ಡು ಹೊಂದಬಹುದು, ಉಳಿದದ್ದು ಸಾಲ. ಸೋದರಮಾವ ಸುದ್ದಿ ಕೇಳಿ "ಲೇ, ವಿಮಾನ ಕಲಿಸಾಕ ಹೋಗಿ ಇದ್ದ ನೆಲ ಕಳ್ಕೋಬ್ಯಾಡ" ಅಂದರು. ಹೆಂಡತಿ ಬೇಡ ಅಂದಿಲ್ಲ, ಹೂಂ ಅಂತಲೂ ಅಂದಿಲ್ಲ. "ಮೊದಲ ಗೊತ್ತಿದ್ದವರನ್ನ ಕೇಳ್ರಿ" ಅಂದಳು. ಅದಕ್ಕೇ ಕೇಳುತ್ತಿದ್ದೇನೆ.

ಕನ್ನಡಕ ಇದೆ, ಮೈನಸ್ ಎರಡು. ಬಿಪಿ ಗಡಿಯಲ್ಲಿದೆ, ಮಾತ್ರೆ ಶುರುವಾಗಿಲ್ಲ. ಮೆಡಿಕಲ್ ಪಾಸಾಗುತ್ತಾ? ಒಟ್ಟು ಎಷ್ಟು ದುಡ್ಡು, ಎಷ್ಟು ವರ್ಷ? ಎಲ್ಲ ಮುಗಿಸಿ ಬಂದ 47-48ರ ಮನುಷ್ಯನಿಗೆ ಯಾರಾದರೂ ಕೆಲಸ ಕೊಡ್ತಾರಾ? ಸುಮ್ನೆ ಧೈರ್ಯ ತುಂಬಬೇಡಿ, ಸುಮ್ನೆ ಹೆದರಿಸಲೂ ಬೇಡಿ.


ಬ್ಯಾಡಗಿ ಖಾರ:

ಮಾಸ್ತರ್ ಸರ್, ಲಕ್ಷಗಟ್ಟಲೆ ಸುರಿದು ಮೇಲೆ ಹೋಗೋದಕ್ಕಿಂತ ನೆಲದ ಮೇಲೇ ನಿಂತು ಹಾರಿಸಿ. ಡ್ರೋನ್ ಬಗ್ಗೆ ಯೋಚನೆ ಮಾಡಿದ್ದೀರಾ? 2021ರ ಡ್ರೋನ್ ನಿಯಮ ಬಂದ ಮೇಲೆ ಡಿಜಿಸಿಎ (ವಿಮಾನಯಾನದ ಮೇಲೆ ನಿಗಾ ಇಡುವ ಕೇಂದ್ರ ಸರ್ಕಾರದ ಸಂಸ್ಥೆ) ಒಪ್ಪಿಗೆ ಇರುವ ತರಬೇತಿ ಕೇಂದ್ರಗಳು ಬೇಕಾದಷ್ಟಾಗಿವೆ. ಹತ್ತನೇ ಪಾಸಾಗಿ 18ರಿಂದ 65ರ ಒಳಗಿದ್ದರೆ ಆಯಿತು. ಕೆಲವೇ ದಿನದ ಕೋರ್ಸು, ರಿಮೋಟ್ ಪೈಲಟ್ ಸರ್ಟಿಫಿಕೇಟ್ ಹತ್ತು ವರ್ಷ ನಡೆಯುತ್ತೆ. ಅಲ್ಲೂ ಕಲಿಸುವವರು ಬೇಕೇ ಬೇಕಲ್ವಾ?

ನಮ್ಮ ಹಾವೇರಿ ಕಡೆ ಗೋವಿನಜೋಳ, ಹತ್ತಿ, ಮೆಣಸಿನಕಾಯಿಗೆ ಔಷಧ ಹೊಡೆಯಲು ಆಳು ಸಿಗುವುದಿಲ್ಲ. ಹತ್ತು ಲೀಟರ್ ಟ್ಯಾಂಕಿನ ಡ್ರೋನು ಎಕರೆಯನ್ನು ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತೆ. ನಮೋ ಡ್ರೋನ್ ದೀದಿ ಅಂತ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಕಲಿತು ಹಾರಿಸುತ್ತಿದ್ದಾರೆ. ನಿಮ್ಮ ಸೈಟೂ ಉಳಿಯುತ್ತೆ, ಸೋದರಮಾವಂದಿರಿಗೂ ಸಮಾಧಾನ.


ಗದಗ ಹ್ಯಾಂಗರ್:

ನಾನು ಪೈಲಟ್ ಅಲ್ಲ. ವಾಯುಪಡೆಯಲ್ಲಿ ಟೆಕ್ನಿಕಲ್ ಟ್ರೇಡಿನಲ್ಲಿದ್ದೆ, ಸಾಂಬ್ರಾದಲ್ಲಿ ತರಬೇತಿ. ಪೆನ್ಷನ್ ಬಂದ ಮೇಲೆ ಒಂದಷ್ಟು ವರ್ಷ ಫ್ಲೈಯಿಂಗ್ ಸ್ಕೂಲಿನ ಹ್ಯಾಂಗರಿನಲ್ಲಿ ಕೆಲಸ ಮಾಡಿದೆ. ಹಾಗಾಗಿ ಕೆಳಗಿನಿಂದ ನೋಡಿದ್ದನ್ನು ಹೇಳುತ್ತೇನೆ.

ವಯಸ್ಸಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸ್ಕೂಲುಗಳಲ್ಲಿ ಹಿರಿಯ ಇನ್‌ಸ್ಟ್ರಕ್ಟರುಗಳು ಬಹಳಷ್ಟು ಜನ ಸೇನೆಯಿಂದ ನಿವೃತ್ತರಾಗಿ ಬಂದವರು. ತಾಂಬರಂನಲ್ಲಿ ವಾಯುಪಡೆಯದೇ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ಸ್ ಸ್ಕೂಲ್ ಇದೆ, ಅಲ್ಲಿ ಪಾಸಾಗಿ, ಸರ್ವಿಸ್ ಮುಗಿಸಿ, ತಲೆ ಬೆಳ್ಳಗಾದ ಮೇಲೆ ಇಲ್ಲಿಗೆ ಬರುತ್ತಾರೆ. ಬಿಳಿ ಕೂದಲು ನೋಡಿ ಅಲ್ಲಿ ಯಾರೂ ಹುಬ್ಬು ಏರಿಸುವುದಿಲ್ಲ. ಆದರೆ ಅವರ ಜೊತೆ ನಿಮ್ಮನ್ನು ಹೋಲಿಸಿಕೊಳ್ಳಬೇಡಿ. ಅವರ ಲಾಗ್‌ಬುಕ್ಕಿನಲ್ಲಿ ಸಾವಿರಾರು ಗಂಟೆ ಇರುತ್ತೆ, ಅದೂ ಸರ್ಕಾರದ ಎಣ್ಣೆಯಲ್ಲಿ. ನಿಮ್ಮದು ಸ್ವಂತ ಎಣ್ಣೆ.

ಸ್ಕೂಲು ಹುಡುಕುವಾಗ ಒಂದು ಕೆಲಸ ಮಾಡಿ. ಆಫೀಸಿನಲ್ಲಿ ಬ್ರೋಷರ್ ನೋಡಿ ವಾಪಸ್ ಬರಬೇಡಿ. ಹ್ಯಾಂಗರಿಗೆ ಹೋಗಿ. "ನಮ್ಮಲ್ಲಿ ಎಂಟು ವಿಮಾನ ಇದೆ" ಅಂತಾರೆ. ಒಳಗೆ ಹೋದರೆ ಒಂದಕ್ಕೆ ಪ್ರಾಪೆಲ್ಲರ್ ಇರಲ್ಲ, ಇನ್ನೊಂದರ ಗಾಲಿಯಲ್ಲಿ ಗಾಳಿ ಇರಲ್ಲ, ಮತ್ತೊಂದರ ಎಂಜಿನ್ ಕವರ್ ಮೇಲೆ ಪಾರಿವಾಳದ ಹಿಕ್ಕೆ ಗಟ್ಟಿಯಾಗಿ ಕೂತಿರುತ್ತೆ. ಒಂದರ ಪಾರ್ಟು ಬಿಚ್ಚಿ ಇನ್ನೊಂದಕ್ಕೆ ಹಾಕಿ ದಿನ ದೂಡುವ ಕಡೆ ನಿಮ್ಮ ದುಡ್ಡು ಕಟ್ಟಬೇಡಿ. ಸೆಸ್ನಾ 172 ಇರಲಿ, ಬೇರೆ ಯಾವುದೇ ಇರಲಿ, 50 ಗಂಟೆಗೆ ಒಮ್ಮೆ, 100 ಗಂಟೆಗೆ ಒಮ್ಮೆ ತಪಾಸಣೆಗೆ ನಿಲ್ಲಲೇಬೇಕು. ಬಿಡಿಭಾಗ ಹೊರದೇಶದಿಂದ ಬರಬೇಕು. ಬಾರದಿದ್ದರೆ ವಿಮಾನ ನಿಲ್ಲುತ್ತೆ, ವಿಮಾನ ನಿಂತರೆ ವಿದ್ಯಾರ್ಥಿ ನಿಲ್ಲುತ್ತಾನೆ, ಅವನ ಹಾಸ್ಟೆಲ್ ಬಿಲ್ಲು ಮಾತ್ರ ನಿಲ್ಲಲ್ಲ. ಹದಿನೆಂಟು ತಿಂಗಳ ಕೋರ್ಸು ಮೂರು ವರ್ಷ ಎಳೆದದ್ದನ್ನು ಕಣ್ಣಾರೆ ನೋಡಿದ್ದೇನೆ.

2025ರಿಂದ ಡಿಜಿಸಿಎ ಫ್ಲೈಯಿಂಗ್ ಸ್ಕೂಲುಗಳಿಗೆ ಶ್ರೇಣಿ ಕೊಡಲು ಶುರು ಮಾಡಿದೆ. ಅದನ್ನೂ ನೋಡಿ. ಆದರೆ ಪಾರಿವಾಳದ ಹಿಕ್ಕೆಯನ್ನೂ ನೋಡಿ.


ಬಲಗಡೆ ಸೀಟು:

ಮಾಸ್ತರ್ ಸರ್, ಇದಕ್ಕೆ ನಾನು ಉತ್ತರ ಕೊಡಲೇಬೇಕು. ಧಾರವಾಡದವಳು, ಸಪ್ತಾಪುರ. ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿದ್ದೆ. 41ರಲ್ಲಿ ಬಿಟ್ಟೆ. ಈಗ 50 ದಾಟಿದೆ, ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ ಆಗಿದ್ದೇನೆ. ಎಲ್ಲಿ ಅಂತ ಹೇಳಲ್ಲ, ನನ್ನ ವಿದ್ಯಾರ್ಥಿಗಳೂ ಇಲ್ಲಿ ಓದುತ್ತಿರಬಹುದು.

ಮೊದಲು ಬ್ಯಾಂಕಿನವಳಾಗಿ ಮಾತಾಡುತ್ತೇನೆ. ನಿಮ್ಮ ಅರ್ಜಿ ನನ್ನ ಟೇಬಲ್ಲಿಗೆ ಬಂದಿದ್ದರೆ ಸಹಿ ಹಾಕುತ್ತಿರಲಿಲ್ಲ. ಈಗ ಸಿಪಿಎಲ್, ಅಂದರೆ ಕಮರ್ಷಿಯಲ್ ಲೈಸೆನ್ಸ್ ಮುಗಿಯುವ ಹೊತ್ತಿಗೆ 50 ಲಕ್ಷದ ಆಸುಪಾಸು ಬೇಕು. ಅಷ್ಟೂ ಸಾಲ ಅಂತ ಇಟ್ಟುಕೊಳ್ಳಿ, 11 ಪರ್ಸೆಂಟು, ಹತ್ತು ವರ್ಷ: ತಿಂಗಳಿಗೆ 69,000 ಹತ್ತಿರ ಕಂತು. ಕಲಿಯುವ ವರ್ಷಗಳಲ್ಲಿ ನಿಮ್ಮ ಸಂಬಳವೂ ಇಲ್ಲ, ಟ್ಯೂಷನ್ ದುಡ್ಡೂ ಇಲ್ಲ. ಅದನ್ನು ಯಾರೂ ಖರ್ಚಿನಲ್ಲಿ ಬರೆಯಲ್ಲ, ಆದರೆ ಅದೇ ದೊಡ್ಡದು. ಹೊಸ ಇನ್‌ಸ್ಟ್ರಕ್ಟರಿಗೆ ಶುರುವಿನಲ್ಲಿ ಆ ಕಂತಿನಷ್ಟು ಕೈಗೆ ಬಂದರೆ ಪುಣ್ಯ. ಬಹಳ ಕಡೆ ಸ್ವಲ್ಪ ಖಾಯಂ ಸಂಬಳ, ಉಳಿದದ್ದು ಹಾರಿದ ಗಂಟೆಯ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಮೋಡ ಹೊಲದ ಮೇಲೇ ಕೂತಿರುತ್ತೆ. ಕಣ್ಣಿಗೆ ಕಾಣುವಷ್ಟು ದೂರ ನೋಡಿ ಹಾರಿಸುವ ನಿಯಮದಲ್ಲಿ ಐದು ಕಿಲೋಮೀಟರ್ ಕಾಣಬೇಕು. ಕಾಣದಿದ್ದರೆ ಗಂಟೆ ಇಲ್ಲ, ಗಂಟೆ ಇಲ್ಲದಿದ್ದರೆ ದುಡ್ಡಿಲ್ಲ. ಸೈಟ್ ಮಾರಿ ಅರ್ಧ ಸಾಲ ಮಾಡುವ ಲೆಕ್ಕ ಹಾಕುವಾಗ ಈ ನಾಲ್ಕು ತಿಂಗಳನ್ನು ಬೇರೆಯಾಗಿ ಬರೆದಿಡಿ. ನಾನು ಈ ಲೆಕ್ಕ ದಾಟಿದ್ದು ನನ್ನವರ ಹೊಲ ಮತ್ತು ಕೆಲಸ ಎರಡೂ ಮನೆ ನಡೆಸುತ್ತಿದ್ದವು ಅನ್ನುವ ಕಾರಣಕ್ಕೆ. ಬರೀ ಛಲದಿಂದ ಅಲ್ಲ.

ಒಂದೇ ಸಮಾಧಾನ, ಏರ್‌ಲೈನಿಗೆ ಹೋಗುವವರು ಮಾಡುವ ಏರ್‌ಬಸ್ ಟೈಪ್ ರೇಟಿಂಗ್, ಅಂದರೆ ಆ ದೊಡ್ಡ ವಿಮಾನ ಹಾರಿಸಲು ಬೇಕಾದ ಬೇರೆ ತರಬೇತಿಯ ಖರ್ಚು ನಮಗೆ ಇಲ್ಲ.

ಇನ್ನು ದಾರಿ. ಮೊದಲು ಮೆಡಿಕಲ್. ದುಡ್ಡು ಕಟ್ಟುವ ಮುಂಚೆ, ಸೈಟ್ ತೋರಿಸುವ ಮುಂಚೆ, ಸೋದರಮಾವನ ಜೊತೆ ಜಗಳ ಮಾಡುವ ಮುಂಚೆ ಮೆಡಿಕಲ್. ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರ ಕ್ಲಾಸ್ 2, ಆಮೇಲೆ ಕ್ಲಾಸ್ 1. ಕ್ಲಾಸ್ 1 ಮಾಡುವ ಜಾಗಗಳಲ್ಲಿ ಬೆಂಗಳೂರಿನ ಹಳೆ ಏರ್‌ಪೋರ್ಟ್ ರೋಡಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಒಂದು. ಕಣ್ಣು, ಕಿವಿ, ಇಸಿಜಿ, ಎಕ್ಸ್‌ರೇ, ರಕ್ತ ಎಲ್ಲ ನೋಡುತ್ತಾರೆ. ನಮ್ಮ ವಯಸ್ಸಿನವರನ್ನು ಟ್ರೆಡ್‌ಮಿಲ್ ಮೇಲೂ ಓಡಿಸಬಹುದು. ಮೈನಸ್ ಎರಡು ದೊಡ್ಡ ತೊಂದರೆ ಅಲ್ಲ, ಕನ್ನಡಕ ಹಾಕಿದಾಗ ಸರಿಯಾಗಿ ಕಾಣಬೇಕು, ಬಣ್ಣ ಗುರುತಿಸಬೇಕು. ಬಿಪಿ ಗಡಿಯಲ್ಲಿದೆ ಅಂದಿರಲ್ಲ, ಅದು ನನಗೆ ಮೈನಸ್ ಎರಡಕ್ಕಿಂತ ಜಾಸ್ತಿ ಚಿಂತೆ. ಈಗಲೇ ಉಪ್ಪಿನಕಾಯಿ ಬಿಡಿ, ಬೆಳಗ್ಗೆ ತೋಳನಕೆರೆ ಸುತ್ತಿ. ಮತ್ತೆ ಇದು ಒಂದು ಸಲ ಪಾಸಾಗಿ ಮರೆಯುವ ಪರೀಕ್ಷೆ ಅಲ್ಲ. ನೌಕರಿ ಇರುವಷ್ಟು ಕಾಲ ಮತ್ತೆ ಮತ್ತೆ ಮಾಡಿಸಬೇಕು. 48ರಲ್ಲಿ ಅನ್‌ಫಿಟ್ ಅಂದರೆ ಸಾಲ ಹಾಗೇ ಇರುತ್ತೆ, ಲೈಸೆನ್ಸ್ ಕಪಾಟಿನಲ್ಲಿರುತ್ತೆ.

ಓದಿನ ಭಾಗ ನಿಮಗೆ ಕಷ್ಟ ಆಗಲ್ಲ. ನ್ಯಾವಿಗೇಶನ್, ಮೆಟಿಯರಾಲಜಿ, ರೆಗ್ಯುಲೇಶನ್, ಟೆಕ್ನಿಕಲ್, ಎಲ್ಲದಕ್ಕೂ ಪಾಸಾಗಲು 70 ಬೇಕು. ರೇಡಿಯೋ ಮಾತಿಗೆ ಬೇರೆ ಪರೀಕ್ಷೆ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕು ಅನ್ನುವ ಷರತ್ತು ನಿಮಗೆ ಲೆಕ್ಕಕ್ಕೇ ಇಲ್ಲ. ಒಂದು ಕಿವಿಮಾತು, ಹಾಳೆ ಊದುವುದನ್ನು ಬಿಟ್ಟುಬಿಡಿ. ರೆಕ್ಕೆಯ ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ತುದಿಯಲ್ಲಿ ಒಟ್ಟಿಗೇ ಸೇರಬೇಕು, ಅದಕ್ಕೇ ಮೇಲಿನದು ಓಡುತ್ತೆ ಅಂತ ಹೇಳಿಕೊಡುತ್ತಿದ್ದರೆ ಅದನ್ನೂ ಬಿಡಿ, ಒಟ್ಟಿಗೆ ಸೇರುವುದೇ ಇಲ್ಲ. ಪೈಲಟ್‌ಗೆ ಬೇಕಾದದ್ದು ಆಂಗಲ್ ಆಫ್ ಅಟ್ಯಾಕ್. ರೆಕ್ಕೆ ಗಾಳಿಗೆ ಎಷ್ಟು ಓರೆಯಾಗಿ ನಿಂತಿದೆ ಅನ್ನೋದು. ಸುಮಾರು 15-16 ಡಿಗ್ರಿ ದಾಟಿತೋ, ಗಾಳಿ ರೆಕ್ಕೆಯನ್ನು ಬಿಡುತ್ತೆ, ವಿಮಾನ ಸ್ಟಾಲ್. ನಿಮ್ಮ ಮೊದಲ ಪಾಠಗಳಲ್ಲಿ ಇದನ್ನು ಮೈಯಲ್ಲಿ ಅನುಭವಿಸುತ್ತೀರಿ. ಮೂಗು ಆಕಾಶ ನೋಡುತ್ತಿರುತ್ತೆ, ಗಾಳಿಯ ಸದ್ದು ಇಳಿಯುತ್ತೆ, ಹಾರ್ನ್ ಕಿರುಚುತ್ತೆ, ಯೋಕ್ (ವಿಮಾನದ ಸ್ಟೀರಿಂಗ್) ಸಡಿಲಾಗುತ್ತೆ, ಆಮೇಲೆ ಹೊಟ್ಟೆಯಲ್ಲಿ ಝುಂ.

ಹಾರಾಟ 200 ಗಂಟೆ. ಅದರಲ್ಲಿ 100 ಗಂಟೆ ನೀವೇ ಕ್ಯಾಪ್ಟನ್ ಆಗಿ. ಒಂದು 300 ನಾಟಿಕಲ್ ಮೈಲಿಯ ಪ್ರಯಾಣ, 550 ಕಿಲೋಮೀಟರಿಗೂ ಜಾಸ್ತಿ, ದಾರಿಯಲ್ಲಿ ಎರಡು ಬೇರೆ ಬೇರೆ ಏರೋಡ್ರೋಮಿನಲ್ಲಿ ಇಳಿಯಬೇಕು. ರಾತ್ರಿ ಹಾರಾಟ ಇದೆ. 20ರ ಹುಡುಗರ ಕೈಗೆ ಬೇಗ ಬರುತ್ತೆ. ನಮಗೆ ತಡ. ಇದನ್ನು ಸುಳ್ಳು ಹೇಳಿ ಏನು ಪ್ರಯೋಜನ? ಲ್ಯಾಂಡಿಂಗ್ ಕೂರಲು ನನಗೆ ನನ್ನ ಬ್ಯಾಚಿನ ಹುಡುಗರಿಗಿಂತ ಜಾಸ್ತಿ ಹಾರಾಟ ಬೇಕಾಯಿತು, ಹೆಚ್ಚಿನ ಒಂದೊಂದು ಗಂಟೆಯೂ ದುಡ್ಡು. ಅಂದಾಜು ಮಾಡುವಾಗ ಆ ಹೆಚ್ಚುವರಿಯನ್ನು ಸೇರಿಸಿಯೇ ಮಾಡಿ.

ಇಷ್ಟಾದ ಮೇಲೆ ನಿಮ್ಮ ನಿಜವಾದ ಪ್ರಶ್ನೆ ಶುರುವಾಗುತ್ತೆ. ಸಿಪಿಎಲ್ ಸಿಕ್ಕ ತಕ್ಷಣ ಕಲಿಸುವ ಹಾಗಿಲ್ಲ. ಮೊದಲು ಎಎಫ್‌ಐಆರ್, ಅಂದರೆ ಅಸಿಸ್ಟೆಂಟ್ ಇನ್‌ಸ್ಟ್ರಕ್ಟರ್ ರೇಟಿಂಗ್. ದೊಡ್ಡವರ ಕೈಕೆಳಗೆ ಕಲಿಸಬೇಕು, ವಿದ್ಯಾರ್ಥಿಯ ಮೊದಲ ಸೋಲೋಗೆ, ಅಂದರೆ ಒಬ್ಬನೇ ಹಾರುವುದಕ್ಕೆ, ಒಪ್ಪಿಗೆ ಕೊಡುವ ಅಧಿಕಾರ ಇರಲ್ಲ. ಕಲಿಸಿದ ಗಂಟೆ ಕೂಡಿದ ಮೇಲೆ ಎಫ್‌ಐಆರ್, ಅಂದರೆ ಪೂರ್ತಿ ಇನ್‌ಸ್ಟ್ರಕ್ಟರ್ ರೇಟಿಂಗ್.

ಎಎಫ್‌ಐಆರ್ ತರಬೇತಿಯಲ್ಲಿ ನಿಮ್ಮನ್ನು ಬಲಗಡೆ ಸೀಟಿಗೆ ಕೂರಿಸುತ್ತಾರೆ. 200 ಗಂಟೆ ಎಡಗಡೆ ಕೂತು ಎಡಗೈಯಲ್ಲಿ ಯೋಕ್, ಬಲಗೈಯಲ್ಲಿ ಥ್ರಾಟಲ್ (ಎಂಜಿನ್ ಪವರ್ ಹೆಚ್ಚು ಕಡಿಮೆ ಮಾಡುವ ಹಿಡಿ) ಹಿಡಿದಿರುತ್ತೀರಿ. ಈಗ ಉಲ್ಟಾ. ಮೀಟರುಗಳೆಲ್ಲ ಎಡಗಡೆಯವನ ಮುಂದೆ, ನೀವು ಓರೆಯಾಗಿ ನೋಡಬೇಕು. ರನ್‌ವೇ ಮಧ್ಯದ ಗೆರೆಯೂ ಬೇರೆ ಕಡೆ ಕಾಣುತ್ತೆ. ಕೈಗಳು ಒಂದಷ್ಟು ದಿನ ಜಗಳ ಆಡುತ್ತವೆ, ಆಮೇಲೆ ಒಪ್ಪುತ್ತವೆ. ಅದು ಸುಲಭದ್ದು.

ಕಷ್ಟದ್ದು ಪ್ಯಾಟರ್. ಹಾರಿಸುತ್ತಾ ಹಾರಿಸುತ್ತಾ ಮಾತಾಡೋದು. ಕೈ ಏನು ಮಾಡುತ್ತೋ ಬಾಯಿ ಅದನ್ನೇ, ಅದೇ ಹೊತ್ತಿಗೆ ಹೇಳಬೇಕು. ನಮ್ಮ ಅತ್ತೆ ಜೋಳದ ರೊಟ್ಟಿ ಬಡಿಯುವಾಗ "ಹೆಂಗ್ ಮಾಡ್ತೀರಿ ಹೇಳ್ರಿ" ಅಂದರೆ ಕೈ ನಿಂತೇ ಬಿಡುತ್ತೆ, "ನೋಡ್ಕೋ ಅಷ್ಟ" ಅಂತಾರೆ. ಹಾರಾಟವೂ ಹಾಗೇ, ಚೆನ್ನಾಗಿ ಬರುವವರಿಗೇ ಹೇಳಲು ಬರಲ್ಲ. "ಈಗ ಮೂಗು ಹಾರಿಜಾನ್ ಕೆಳಗೆ ನಾಲ್ಕು ಬೆರಳು, ರೆಕ್ಕೆ ಸಮ, ಪವರ್ ಹಾಗೇ ಇರಲಿ, ಈಗ ಟ್ರಿಮ್" ಅಂತ ಹೇಳುತ್ತಲೇ ಮೂಗು ಅಲ್ಲೇ ಇರಬೇಕು. ಮಾತು ಮುಂದೆ ಹೋಗಿ ಕೈ ಹಿಂದೆ ಉಳಿದರೆ ಹುಡುಗ ತಪ್ಪು ಕಲಿಯುತ್ತಾನೆ. ಸಾಲ ಕೇಳಲು ಬಂದ ರೈತರಿಗೆ ಬಡ್ಡಿ ಲೆಕ್ಕ ಬಿಡಿಸಿ ಹೇಳಿ ನನಗೆ ರೂಢಿ ಇತ್ತು, ಅದು ಇಲ್ಲಿ ಕೈ ಹಿಡಿಯಿತು. ನೀವು ಬೋರ್ಡಿನ ಮೇಲೆ ಬರೆಯುತ್ತಾ ಮಾತಾಡುವವರು. ಇಡೀ ದಾರಿಯಲ್ಲಿ ನಿಮ್ಮ ಮಾಸ್ತರಿಕೆ ಕೆಲಸಕ್ಕೆ ಬರುವ ಮೊದಲ ಜಾಗ ಇದು. ಅಲ್ಲಿ ತನಕ ನೀವೂ ಎಲ್ಲರಂತೆ ವಿದ್ಯಾರ್ಥಿ, ಸ್ವಲ್ಪ ವಯಸ್ಸಾದ ವಿದ್ಯಾರ್ಥಿ.

ಆಮೇಲೆ ಕೈ ಕಟ್ಟಿಕೊಂಡು ಕೂರುವುದು. ಫೈನಲ್‌ನಲ್ಲಿ, ಅಂದರೆ ಇಳಿಯುವ ಕೊನೆಯ ನೇರ ದಾರಿಯಲ್ಲಿ, 65 ನಾಟ್ ವೇಗ ಹಿಡಿದು ಹುಡುಗ ಚೆನ್ನಾಗಿಯೇ ಬರುತ್ತಾನೆ. ನೆಲ ಹತ್ತಿರ ಬಂತು, ಮೆಲ್ಲಗೆ ಮೂಗು ಎತ್ತಿ ವಿಮಾನವನ್ನು ತೇಲಿಸಬೇಕು, ಕಣ್ಣು ರನ್‌ವೇಯ ದೂರದ ತುದಿಗೆ ಹೋಗಬೇಕು. ಅವನ ಕಣ್ಣು ಮಾತ್ರ ಮೂಗಿನ ಕೆಳಗಿನ ಟಾರು ನೋಡುತ್ತಿರುತ್ತೆ. ಹೆದರಿ ಯೋಕ್ ಜಗ್ಗುತ್ತಾನೆ. ವಿಮಾನ ಮತ್ತೆ ಮೇಲೇಳುತ್ತೆ, ವೇಗ ಇಳಿಯುತ್ತಿರುತ್ತೆ. ಬಲೂನ್ ಅಂತೀವಿ. ಅವನೇ ಸ್ವಲ್ಪ ಪವರ್ ಕೊಟ್ಟು ಸರಿ ಮಾಡಿಕೊಳ್ಳಲಿ, ಇಲ್ಲ ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರಿ ಸುತ್ತು ಹಾಕುವುದು) ಮಾಡಲಿ ಅಂತ ನಾನು ಕಾಯಬೇಕು. ಎಷ್ಟು ಹೊತ್ತು? ಬೇಗ ಕೈ ಹಾಕಿದರೆ ಅವನು ಕಲಿಯಲ್ಲ. ತಡ ಆದರೆ ಮೂಗಿನ ಗಾಲಿ ಬಡಿಯುತ್ತೆ, ಪ್ರಾಪೆಲ್ಲರ್ ನೆಲಕ್ಕೆ ತಾಗುತ್ತೆ. ನನ್ನ ಬಲಗೈ ಯೋಕ್ ಹಿಂದೆ ಮುಟ್ಟದೆ ಕಾಯುತ್ತಿರುತ್ತೆ, ಎಡಗೈ ಅವನ ಕೈ ಹಿಂದೆ ಥ್ರಾಟಲ್ ಹತ್ತಿರ. ಬಾಯಲ್ಲಿ ಮಾತ್ರ "ನೋಡು, ದೂರ ನೋಡು, ಬಿಡು, ಬಿಡು, ಹಿಡಿ." ಕೆಲವರು ಯೋಕನ್ನು ಎತ್ತಿನ ಹಗ್ಗ ಹಿಡಿದ ಹಾಗೆ ಹಿಡಿಯುತ್ತಾರೆ. ಅವರ ಬೆರಳ ಸಂದಿಯಲ್ಲಿ ಒಂದು ಪೆನ್ನು ಸಿಕ್ಕಿಸುತ್ತೇನೆ. ಬಿಗಿ ಹಿಡಿದರೆ ನೋಯುತ್ತೆ, ತಾನೇ ಸಡಿಲ ಬಿಡುತ್ತಾರೆ.

ಮೊದಲ ಸೋಲೋಗೆ ಬಿಡುವಾಗ ನಾವು ಇಳಿದು, ಖಾಲಿ ಸೀಟಿನ ಬೆಲ್ಟ್ ಕಟ್ಟಿ ಬಿಗಿದು ಬರುತ್ತೀವಿ, ಕಂಟ್ರೋಲಿಗೆ ಸಿಕ್ಕಿಕೊಳ್ಳಬಾರದು ಅಂತ. ನಮ್ಮ ಭಾರ ಇಲ್ಲದ್ದಕ್ಕೆ ವಿಮಾನ ದಿನಕ್ಕಿಂತ ಬೇಗ ಏರುತ್ತೆ. ಇದನ್ನು ಮುಂಚೆಯೇ ಹೇಳಿರಬೇಕು, ಇಲ್ಲಾಂದ್ರೆ ಮೇಲೆ ಗಾಬರಿ ಆಗ್ತಾರೆ. ಆ ಆರೇಳು ನಿಮಿಷ ನನ್ನ ಬಿಪಿ ಯಾರೂ ನೋಡದಿದ್ದರೆ ಒಳ್ಳೇದು.

ಕೆಲಸ ಸಿಗುತ್ತಾ? ಹೌದು, ಸಿಗುತ್ತೆ. 2023ರಲ್ಲಿ ದೇಶದಲ್ಲಿ 1,600ಕ್ಕೂ ಹೆಚ್ಚು ಸಿಪಿಎಲ್ ಕೊಟ್ಟರು. ಅಷ್ಟು ಜನರಿಗೆ ಕಲಿಸುವವರು ಬೇಕು. ಚಿಕ್ಕವರು ಎಎಫ್‌ಐಆರ್ ಮಾಡಿ ಕಲಿಸಲು ಬರುತ್ತಾರೆ, ಆದರೆ ಏರ್‌ಲೈನಿನಿಂದ ಕರೆ ಬಂದ ದಿನ ಬ್ಯಾಗ್ ಎತ್ತುತ್ತಾರೆ. ಅದು ತಪ್ಪಲ್ಲ. ಆದರೆ ಅರ್ಧ ಕಲಿತ ಹುಡುಗರು ಹೊಸ ಇನ್‌ಸ್ಟ್ರಕ್ಟರಿಗಾಗಿ ಕಾಯುತ್ತಾರೆ. ನಮ್ಮಂಥವರು ಎಲ್ಲೂ ಹೋಗಲ್ಲ ಅಂತ ಸ್ಕೂಲಿನವರಿಗೆ ಗೊತ್ತು. 65ರ ಮಿತಿ ಇರುವುದೂ ಪ್ರಯಾಣಿಕರನ್ನು ಒಯ್ಯುವ ಹಾರಾಟಕ್ಕೆ. ಕೆಲಸ ಹುಬ್ಬಳ್ಳಿಯಲ್ಲಿ ಸಿಗುತ್ತೆ ಅಂದುಕೊಳ್ಳಬೇಡಿ. ಬೆಳಗಾವಿ, ಕಲಬುರಗಿ, ಮೈಸೂರು, ಇಲ್ಲ ಮಹಾರಾಷ್ಟ್ರ, ಮಧ್ಯಪ್ರದೇಶ. ರೂಮ್ ಮಾಡಿ ಇರಬೇಕು. ಬೆಳಗ್ಗೆ ಐದಕ್ಕೆ ಎದ್ದು, ಬಿಸಿಲು ಏರುವ ಮುಂಚೆ ಹಾರಬೇಕು. ಮಗಳ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೂ ನೀವು ಫೋನಿನಲ್ಲಿ ನೋಡುತ್ತೀರಿ. ಇದನ್ನು ಯಾವ ಬ್ರೋಷರಿನಲ್ಲೂ ಬರೆಯಲ್ಲ.

ನನ್ನ ಅಭಿಪ್ರಾಯ ಕೇಳಿದರೆ: ಹಾರೋದಷ್ಟೇ ಇಷ್ಟ ಇದ್ದರೆ ಈ ಕೆಲಸಕ್ಕೆ ಬರಬೇಡಿ. ಇನ್‌ಸ್ಟ್ರಕ್ಟರ್ ಹಾರಿಸುವುದು ಕಡಿಮೆ. ರನ್‌ವೇ ಸುತ್ತ ಹಾಕುವ ಒಂದೇ ಸರ್ಕ್ಯೂಟು, ಸಾವಿರ ಅಡಿ ಎತ್ತರ, ಅದೇ ಟೇಕಾಫ್, ಕ್ರಾಸ್‌ವಿಂಡ್, ಡೌನ್‌ವಿಂಡ್, ಬೇಸ್, ಫೈನಲ್, ಇಡೀ ಬೆಳಗ್ಗೆ. ಬೇರೆಯವರ ಕೈ ಸುಧಾರಿಸೋದು ನೋಡಿ ಖುಷಿ ಪಡುವ ಸ್ವಭಾವ ಇದ್ದರೆ ಮಾತ್ರ ಹಿಡಿಸುತ್ತೆ. ಪಿಯು ಮಕ್ಕಳಿಗೆ ಅದೇ ಪಾಠ ವರ್ಷಾ ವರ್ಷ ಹೇಳಿ ಬೇಜಾರು ಅಂದಿರಲ್ಲ, ಆ ಸಾಲು ಓದಿ ನನಗೆ ಸ್ವಲ್ಪ ಅನುಮಾನ ಬಂತು.


ಕೇಶ್ವಾಪುರ ಸಿಪಿಎಲ್:

ಮೇಡಂ ಹೇಳಿದ್ದು ನಿಜ. ನನಗೆ 24, ಸಿಪಿಎಲ್ ಆಗಿ ಮನೆಯಲ್ಲೇ ಇದ್ದೆ, ಈಗ ಎಎಫ್‌ಐಆರ್ ಮಾಡುತ್ತಿದ್ದೇನೆ. ಪ್ಯಾಟರ್ ಬುಕ್ ಹಿಡಿದು ರೂಮಿನಲ್ಲಿ ಕುರ್ಚಿ ಮೇಲೆ ಕೂತು ಗೋಡೆಗೆ ಹೇಳ್ತೀನಿ, ಅವ್ವ ಬಂದು ಹಣೆ ಮುಟ್ಟಿ ನೋಡ್ತಾಳೆ. ಏರ್‌ಲೈನ್ ಕರೆದರೆ ನಾನೂ ಹೋಗೋನೇ, ಸುಳ್ಳು ಯಾಕೆ. ಅಂಕಲ್, ದುಡ್ಡು ಪೂರ್ತಿ ಮುಂಗಡ ಕಟ್ಟಬೇಡಿ. ಡಿಸ್ಕೌಂಟ್ ಕೊಡ್ತೀವಿ ಅಂದರೂ ಬೇಡ. ಕಂತಿನಲ್ಲಿ ಕಟ್ಟಿ, ಹಾರಿದಷ್ಟಕ್ಕೆ ಕಟ್ಟಿ. ಕ್ಯಾಂಟೀನಿನಲ್ಲಿ ಹುಡುಗರ ಜೊತೆ ಚಹಾ ಕುಡಿದು "ಹೋದ ತಿಂಗಳು ನೀನೆಷ್ಟು ಗಂಟೆ ಹಾರಿದಿ" ಅಂತ ಕೇಳಿ. ಅದೊಂದು ಉತ್ತರ ಸಾಕು.


ಗೋಕುಲ ರೋಡ್ ಮಾಸ್ತರ:

ಎಲ್ಲರಿಗೂ ಧನ್ಯವಾದ. ಬ್ಯಾಡಗಿಯವರೇ, ಡ್ರೋನ್ ವಿಚಾರ ಸೋದರಮಾವನಿಗೆ ಹೇಳಿದೆ. ಅವರೇ ಕಲಿಯಲು ಹೊರಟಿದ್ದಾರೆ, 61 ವಯಸ್ಸು, ನಿಯಮದ ಒಳಗೇ ಇದ್ದಾರೆ.

ಬಲಗಡೆ ಸೀಟು ಮೇಡಂ, ನಿಮ್ಮ ಕೊನೆಯ ಸಾಲು ಚುಚ್ಚಿತು. ಯೋಚನೆ ಮಾಡಿದೆ. ನನಗೆ ಬೇಜಾರಾಗಿದ್ದು ಮಕ್ಕಳಿಂದ ಅಲ್ಲ. 90 ಜನರ ಕ್ಲಾಸು, ಎಲ್ಲರ ಕಣ್ಣೂ ಕೀ ಆನ್ಸರ್ ಮೇಲೆ. ಒಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಥವಾಗುವ ತನಕ ಹೇಳಿಕೊಟ್ಟು ಎಷ್ಟೋ ವರ್ಷ ಆಯಿತು. ನಿಮ್ಮ ಪೆನ್ನಿನ ವಿಷಯ ಹೆಂಡತಿಗೆ ಓದಿ ಹೇಳಿದೆ. "ನೀವು ಇದಕ್ಕ ಹೋಗ್ತೀರಿ ಬಿಡ್ರಿ" ಅಂದಳು. ಹೂಂ ಅಂದಳೋ, ಬೈದಳೋ ಗೊತ್ತಾಗಲಿಲ್ಲ.

ಎರಡು ಪ್ರಶ್ನೆ. ಬಿಪಿಗೆ ಮಾತ್ರೆ ಶುರುವಾದರೆ ಅಲ್ಲಿಗೇ ಮುಗಿಯಿತಾ? ಕೆಲಸ ಬಿಡದೆ ಒಂದು ವರ್ಷ ಏನಾದರೂ ಮಾಡಿ ನೋಡಬಹುದಾ?


ಬಲಗಡೆ ಸೀಟು:

ಮಾತ್ರೆ ಅಂದರೆ ಮುಗಿಯಿತು ಅಂತಿಲ್ಲ. ಒಪ್ಪಿಗೆ ಇರುವ ಮಾತ್ರೆಯಲ್ಲಿ ಹಿಡಿತದಲ್ಲಿದ್ದರೆ ಫಿಟ್ ಆಗಿ ಹಾರುತ್ತಿರುವವರು ಇದ್ದಾರೆ. ಆದರೆ ಯಾವ ಮಾತ್ರೆ ಅನ್ನೋದನ್ನು ಏವಿಯೇಷನ್ ಮೆಡಿಕಲ್ ಮಾಡುವ ಡಾಕ್ಟರನ್ನೇ ಕೇಳಿ, ಓಣಿಯ ಮೆಡಿಕಲ್ ಶಾಪಿನವನನ್ನಲ್ಲ. ಮುಚ್ಚಿಡಲು ಹೋಗಬೇಡಿ.

ಒಂದು ವರ್ಷಕ್ಕೆ ಕೆಲಸ ಇದೆ. ಮೆಡಿಕಲ್ ಆದ ಮೇಲೆ ಡಿಜಿಸಿಎ ಕಂಪ್ಯೂಟರ್ ನಂಬರ್ ತೆಗೆದುಕೊಳ್ಳಿ. ಹಾರುವ ಮುಂಚೆಯೇ ಪರೀಕ್ಷೆ ಬರೆಯಬಹುದು. ಮೆಟಿಯರಾಲಜಿಯಿಂದ ಶುರು ಮಾಡಿ, ನ್ಯಾವಿಗೇಶನ್ ರಜೆಯಲ್ಲಿ ಇಟ್ಟುಕೊಳ್ಳಿ, ಅದು ಕೂತು ಲೆಕ್ಕ ಮಾಡುವಂಥದ್ದು. ಪಾಸಾದ ಪೇಪರಿಗೂ ಅವಧಿ ಇರುತ್ತೆ, ಹಾಗಾಗಿ ತೀರಾ ಬೇಗ ಮುಗಿಸಿ ಐದಾರು ವರ್ಷ ಸುಮ್ನೆ ಕೂರುವುದೂ ಬೇಡ. ಎಲ್ಲ ಪೇಪರ್ ಪಾಸಾಗಿ, ಆಮೇಲೆ ದುಡ್ಡು ಹೊಂದದೆ ಹಾರಾಟ ಬೇಡ ಅನ್ನಿಸಿದರೂ ನಷ್ಟ ಇಲ್ಲ. ಸಿಪಿಎಲ್ ಹುಡುಗರು ಈ ವಿಷಯಗಳಿಗೆ ಕೋಚಿಂಗ್ ಹುಡುಕುತ್ತಲೇ ಇರುತ್ತಾರೆ, ಫಿಸಿಕ್ಸ್ ಬಲ್ಲ ಮಾಸ್ತರಿಗೆ ಅಲ್ಲಿ ಒಳ್ಳೆ ಬೆಲೆ. ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೇಳುವ ಆಸೆಯೂ ತೀರುತ್ತೆ, ಸೈಟೂ ಇರುತ್ತೆ.

ಅದರ ನಡುವೆ ಯಾವುದಾದರೂ ಸ್ಕೂಲಿನಲ್ಲಿ ದುಡ್ಡು ಕೊಟ್ಟು ಒಂದು ಟ್ರಯಲ್ ಫ್ಲೈಟ್ ಹೋಗಿ ಬನ್ನಿ. ಮಧ್ಯಾಹ್ನ ಹೋಗಿ, ಬೆಳಗ್ಗೆ ಅಲ್ಲ. ಏಪ್ರಿಲ್ ಮಧ್ಯಾಹ್ನದ ಬಿಸಿಗಾಳಿ ಕೆಳಗಿನಿಂದ ಎತ್ತಿ ಎತ್ತಿ ಹಾಕುವಾಗ ಹೊಟ್ಟೆ ತಡೆಯುತ್ತಾ ಅಂತ ನಿಮಗೇ ಗೊತ್ತಾಗಬೇಕು.

ಮಾತಾಡಬೇಕಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಆಗಸ್ಟ್‌ನಲ್ಲಿ ಧಾರವಾಡದಲ್ಲೇ ಇರುತ್ತೇನೆ, ಹಾರಾಟ ಕಡಿಮೆ ಇರುತ್ತೆ. ಹೆಂಡತಿಯವರನ್ನೂ ಕರೆದುಕೊಂಡು ಬನ್ನಿ, ಕಂತಿನ ಲೆಕ್ಕ ಅವರ ಮುಂದೆಯೇ ಮಾಡೋಣ.